ಒಂದು ಕೆರೆ, ಎರಡು ವರ್ಷ, ಇಪ್ಪತ್ತು ಸಾಲು ಕೋಡ್: ಅರ್ಥ್ ಎಂಜಿನ್ ಕೋಡ್ ಎಡಿಟರ್ ಕಲಿಯೋಣ

ಉಪಗ್ರಹ ಚಿತ್ರ ಹಿಡಿದು ಏನಾದರೂ ಲೆಕ್ಕ ಮಾಡಬೇಕು ಅಂದರೆ ಮೊದಲೆಲ್ಲ ಡೌನ್‌ಲೋಡೇ ದೊಡ್ಡ ಕೆಲಸವಾಗಿತ್ತು. ಸೆಂಟಿನೆಲ್-2 ಅನ್ನುವ ಯುರೋಪಿನ ಉಪಗ್ರಹಗಳ ಒಂದು ಚಿತ್ರವೇ ಸುಮಾರು ಒಂದು ಗಿಗಾಬೈಟ್. ಐದು ದಿನಕ್ಕೊಂದು ಅಂದರೂ ವರ್ಷಕ್ಕೆ 70ಕ್ಕಿಂತ ಜಾಸ್ತಿ. ನಾನೂ ಹಾಗೇ ಶುರು ಮಾಡಿದವನು. ಹಾರ್ಡ್ ಡಿಸ್ಕ್ ತುಂಬುತ್ತಿತ್ತು, ಲೆಕ್ಕ ಮಾತ್ರ ಮುಂದೆ ಹೋಗುತ್ತಿರಲಿಲ್ಲ.

ಈಗ ಚಿತ್ರಗಳು ಇರುವ ಜಾಗದಲ್ಲೇ ಲೆಕ್ಕ ನಡೆಸಬಹುದು. ಬ್ರೌಸರ್ ತೆರೆದು ಹದಿನೈದಿಪ್ಪತ್ತು ಸಾಲು ಬರೆದರೆ ಸಾಕು. ಇಂಥ ವ್ಯವಸ್ಥೆಗಳು ಕೆಲವು ಇವೆ. ಹೊಸಬರಿಗೆ ನಾನು ಹೇಳುವುದು ಗೂಗಲ್ ಅರ್ಥ್ ಎಂಜಿನ್‌ನ ಕೋಡ್ ಎಡಿಟರ್. ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಬರೆದ ಕೋಡ್‌ನ ಫಲ ಅದೇ ಪುಟದ ನಕ್ಷೆಯ ಮೇಲೆ ಕಾಣುತ್ತದೆ.

ಅರ್ಥ್ ಎಂಜಿನ್ ಶುರುವಾದದ್ದು 2010ರಲ್ಲಿ. ಇದರ ಶಕ್ತಿ ಎಲ್ಲರಿಗೂ ಗೊತ್ತಾದದ್ದು 2013ರಲ್ಲಿ. ಆ ವರ್ಷ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಹ್ಯಾನ್ಸನ್ ಮತ್ತು ತಂಡದವರು ಇಡೀ ಜಗತ್ತಿನ ಕಾಡಿನ ನಕ್ಷೆ ಹೊರತಂದರು. 2000ದಿಂದ 2012ರವರೆಗೆ ಎಲ್ಲಿ ಕಾಡು ಹೋಯಿತು, ಎಲ್ಲಿ ಬೆಳೆಯಿತು ಅನ್ನುವ ಲೆಕ್ಕ ಅದರಲ್ಲಿತ್ತು. ಅದಕ್ಕೆ ಬಳಸಿದ್ದು ಲ್ಯಾಂಡ್‌ಸ್ಯಾಟ್ 7 ಅನ್ನುವ ಅಮೆರಿಕದ ಉಪಗ್ರಹದ ಆರೂವರೆ ಲಕ್ಷಕ್ಕೂ ಹೆಚ್ಚು ಚಿತ್ರಗಳು. ಒಂದೇ ಕಂಪ್ಯೂಟರ್ ಆಗಿದ್ದರೆ 15 ವರ್ಷ ಹಿಡಿಯುತ್ತಿದ್ದ ಲೆಕ್ಕ ಕೆಲವೇ ದಿನಗಳಲ್ಲಿ ಮುಗಿದಿತ್ತು. ಅದೇ ಯಂತ್ರಗಳ ಮುಂದೆ ಇವತ್ತು ನಾವು ಕೂರುತ್ತೇವೆ.

ಈ ಲೇಖನದಲ್ಲಿ ಒಂದೇ ಕೆಲಸ ಮಾಡೋಣ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಕೆರೆ ಅಥವಾ ಜಲಾಶಯ ಆರಿಸಿಕೊಳ್ಳಿ. ಅದರಲ್ಲಿ ಎಷ್ಟು ಹೆಕ್ಟೇರ್ ನೀರಿತ್ತು ಅಂತ ಎರಡು ವರ್ಷಕ್ಕೆ ಅಳೆದು ನೋಡೋಣ. ಗೊತ್ತಿರುವ ಜಾಗವೇ ಆಗಬೇಕು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಖಾತೆ ಮತ್ತು ನೋಂದಣಿ

ಒಂದು ಗೂಗಲ್ ಖಾತೆ ಬೇಕು. ಅದರ ಜೊತೆಗೆ ಗೂಗಲ್ ಕ್ಲೌಡ್‌ನಲ್ಲಿ ಒಂದು ಪ್ರಾಜೆಕ್ಟ್ ತೆರೆಯಬೇಕು. ಆ ಪ್ರಾಜೆಕ್ಟನ್ನು ಅರ್ಥ್ ಎಂಜಿನ್‌ಗೆ ನೋಂದಾಯಿಸಬೇಕು. ನೋಂದಣಿ ಪುಟದಲ್ಲಿ ಬಳಕೆ ವ್ಯಾಪಾರಕ್ಕೋ, ಕಲಿಕೆ ಅಥವಾ ಸಂಶೋಧನೆಗೋ ಅಂತ ಕೇಳುತ್ತಾರೆ. ಕಲಿಯಲು ಬಳಸುವವರಿಗೆ ಇದು ಉಚಿತ, ಆದರೆ ಬಳಕೆಗೆ ಒಂದು ಮಿತಿ ಇರುತ್ತದೆ. ಪ್ರಶ್ನೆಗಳಿಗೆ ಇದ್ದದ್ದು ಇದ್ದ ಹಾಗೆ ಉತ್ತರಿಸಿ. ಪ್ರಾಜೆಕ್ಟ್‌ಗೆ ಇಡುವ ಗುರುತನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ, ಮುಂದೆ ಪೈಥಾನ್‌ಗೆ ಹೋದರೆ ಮತ್ತೆ ಬೇಕಾಗುತ್ತದೆ. ಎಡಿಟರ್ ತೆರೆದಾಗ ಬಲ ಮೇಲ್ಮೂಲೆಯಲ್ಲಿ ಸರಿಯಾದ ಪ್ರಾಜೆಕ್ಟ್ ಕಾಣುತ್ತಿದೆಯೇ ನೋಡಿ. ಅನುಮತಿ ಇಲ್ಲ ಅನ್ನುವ ದೋಷ ಬಂದರೆ ಮೊದಲು ನೋಡಬೇಕಾದ ಜಾಗ ಅದೇ.

ಎಡಿಟರ್‌ನ ಒಳಗೆ ಒಂದು ಸುತ್ತು

ಪುಟದ ಕೆಳಗಿನ ಅರ್ಧ ನಕ್ಷೆ. ಮೇಲಿನ ಅರ್ಧ ಮೂರು ಭಾಗ. ನಡುವೆ ಕೋಡ್ ಬರೆಯುವ ಜಾಗ, ಅದರ ಮೇಲೆ ರನ್, ಸೇವ್, ಗೆಟ್ ಲಿಂಕ್ ಬಟನ್‌ಗಳು.

ಎಡಗಡೆ ಸ್ಕ್ರಿಪ್ಟ್ಸ್, ಡಾಕ್ಸ್, ಅಸೆಟ್ಸ್ ಅಂತ ಮೂರು ಟ್ಯಾಬ್. ಸ್ಕ್ರಿಪ್ಟ್ಸ್ ಒಳಗೆ ನಿಮ್ಮ ಕೋಡ್ ಜೊತೆಗೆ ಎಕ್ಸಾಂಪಲ್ಸ್ ಅನ್ನುವ ಫೋಲ್ಡರ್ ಇರುತ್ತದೆ, ಬಿಡುವಾದಾಗ ಒಂದೊಂದೇ ತೆರೆದು ರನ್ ಮಾಡಿ ನೋಡಿ. ಡಾಕ್ಸ್ ಟ್ಯಾಬ್ ನಿಮ್ಮ ನಿಘಂಟು. ಅಸೆಟ್ಸ್‌ನಲ್ಲಿ ನಿಮ್ಮದೇ ಶೇಪ್‌ಫೈಲ್ (ಗಡಿಗೆರೆಗಳ ಫೈಲ್), ಜಿಯೋಟಿಫ್ (ನಕ್ಷೆಗೆ ಹೊಂದುವ ಚಿತ್ರದ ಫೈಲ್) ಇಂಥವನ್ನು ಏರಿಸಬಹುದು.

ಬಲಗಡೆ ಇನ್‌ಸ್ಪೆಕ್ಟರ್, ಕನ್ಸೋಲ್, ಟಾಸ್ಕ್ಸ್. ಇನ್‌ಸ್ಪೆಕ್ಟರ್ ತೆರೆದು ನಕ್ಷೆಯ ಮೇಲೆ ಎಲ್ಲಿ ಕ್ಲಿಕ್ ಮಾಡಿದರೂ ಆ ಪಿಕ್ಸೆಲ್‌ನ ಸಂಖ್ಯೆಗಳು ಕಾಣುತ್ತವೆ. ನನ್ನ ಮಟ್ಟಿಗೆ ಇಡೀ ಎಡಿಟರ್‌ನಲ್ಲಿ ತುಂಬಾ ಉಪಯೋಗದ ಟ್ಯಾಬ್ ಇದು. ಹೊಸಬರು ಇದನ್ನೇ ಮರೆಯುತ್ತಾರೆ.

ಟೈಪ್ ಮಾಡುವ ಬಗ್ಗೆ ಒಂದು ಮಾತು. ಇಲ್ಲಿ ಆಜ್ಞೆಗಳ ಹೆಸರನ್ನು ಕನ್ನಡದಲ್ಲಿ ಬರೆದಿದ್ದೇನೆ. ಎಡಿಟರ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು. ಎರಡು ಪದ ಸೇರಿದ ಆಜ್ಞೆಗಳಲ್ಲಿ ನಡುವೆ ಜಾಗ ಬಿಡುವುದಿಲ್ಲ, ಎರಡನೇ ಪದ ಮಾತ್ರ ದೊಡ್ಡಕ್ಷರದಿಂದ ಶುರುವಾಗುತ್ತದೆ. ಒಂದಕ್ಷರ ಹೆಚ್ಚುಕಡಿಮೆಯಾದರೂ ಓಡುವುದಿಲ್ಲ. ಅದಕ್ಕೇ ಬಾಯಿಪಾಠ ಮಾಡಬೇಡಿ. ಮೊದಲ ಮೂರ್ನಾಲ್ಕು ಅಕ್ಷರ ಬರೆದು ಕಂಟ್ರೋಲ್ ಮತ್ತು ಸ್ಪೇಸ್ ಕೀ ಒಟ್ಟಿಗೆ ಒತ್ತಿ, ಪಟ್ಟಿ ತಾನೇ ತೆರೆಯುತ್ತದೆ.

ಕೋಡ್ ಬರೆಯುವ ಮೊದಲು ಇದೊಂದು ತಿಳಿದಿರಲಿ

ಇಲ್ಲಿ ಸ್ವಲ್ಪ ನಿಲ್ಲಬೇಕು. ಹೊಸಬರ ಗೊಂದಲಗಳಲ್ಲಿ ಬಹುಪಾಲು ಹುಟ್ಟುವುದು ಈ ಜಾಗದಲ್ಲೇ.

ನೀವು ಬರೆಯುವ ಜಾವಾಸ್ಕ್ರಿಪ್ಟ್ ನಿಮ್ಮ ಬ್ರೌಸರ್‌ನಲ್ಲಿ ಓಡುತ್ತದೆ. ಚಿತ್ರಗಳ ಲೆಕ್ಕ ಮಾತ್ರ ಗೂಗಲ್‌ನ ಸರ್ವರ್‌ಗಳಲ್ಲಿ ನಡೆಯುತ್ತದೆ. ‘ಈ ಸಂಗ್ರಹ ತಗೋ, ಈ ದಿನಾಂಕದವು ಮಾತ್ರ ಇಟ್ಟುಕೋ, ನಡುವಿನ ಬೆಲೆ ತೆಗಿ’ ಅಂತ ಬರೆದಾಗ ಆ ಕ್ಷಣಕ್ಕೆ ಏನೂ ಆಗಿರುವುದಿಲ್ಲ. ನೀವು ಕೆಲಸದ ಚೀಟಿ ಬರೆದಿದ್ದೀರಿ, ಅಷ್ಟೇ. ‘ಪ್ರಿಂಟ್’ ಅಂದಾಗ ಅಥವಾ ನಕ್ಷೆಯ ಮೇಲೆ ಪದರ ಹಾಕಿದಾಗ ಚೀಟಿ ಸರ್ವರ್‌ಗೆ ಹೋಗುತ್ತದೆ. ಆಮೇಲೆ ಉತ್ತರ ಬರುತ್ತದೆ.

ಇದರಿಂದ ಏನಾಗುತ್ತದೆ? ಸರ್ವರ್‌ನಲ್ಲಿರುವ ವಸ್ತುವಿನ ಮೇಲೆ ಮಾಮೂಲಿ ಕೂಡುವ ಚಿಹ್ನೆ ಹಾಕಿದರೆ ಲೆಕ್ಕ ಬರುವುದಿಲ್ಲ, ಏನೋ ಒಂದು ಉದ್ದನೆಯ ಪಠ್ಯ ಬರುತ್ತದೆ. ಬ್ರೌಸರ್ ಕೈಯಲ್ಲಿರುವುದು ಚೀಟಿ ಮಾತ್ರ, ಸಂಖ್ಯೆ ಅಲ್ವಲ್ಲ! ಅಲ್ಲಿ ‘ಆ್ಯಡ್’, ‘ಡಿವೈಡ್’, ‘ಮಲ್ಟಿಪ್ಲೈ’ ಅನ್ನುವ ಆಜ್ಞೆಗಳನ್ನೇ ಬಳಸಬೇಕು. ‘ಇಫ್’ ಕೂಡ ಹಾಗೇ: ಚೀಟಿ ಇದ್ದರೆ ಸಾಕು, ಅದು ಯಾವಾಗಲೂ ಹೌದು ಅನ್ನುತ್ತದೆ. ಸಂಗ್ರಹದ ಪ್ರತಿ ಚಿತ್ರದ ಮೇಲೂ ಏನಾದರೂ ಮಾಡಬೇಕಾದರೆ ‘ಫಾರ್’ ಲೂಪ್ ಬದಲು ‘ಮ್ಯಾಪ್’ ಬಳಸಿ. ಬೇರೆ ಕಡೆ ಪ್ರೋಗ್ರಾಮಿಂಗ್ ಕಲಿತು ಬಂದವರಿಗೆ ಮೊದಲ ವಾರ ಇದು ಕಷ್ಟ ಅನ್ನಿಸುತ್ತದೆ. ಕೋಡ್ ಹಟ ಹಿಡಿದಾಗಲೆಲ್ಲ ‘ಈ ಸಾಲು ಇಲ್ಲಿ ಓಡುತ್ತಿದೆಯೋ, ಅಲ್ಲಿಯೋ?’ ಅಂತ ಕೇಳಿಕೊಳ್ಳಿ.

ಜಾಗ ಗುರುತಿಸುವುದು

ನಕ್ಷೆಯಲ್ಲಿ ನಿಮ್ಮ ಕೆರೆ ಹುಡುಕಿ. ನಕ್ಷೆಯ ಎಡ ಮೇಲ್ಮೂಲೆಯಲ್ಲಿ ಬಹುಭುಜ ಎಳೆಯುವ ಗುರುತು ಇದೆ. ಅದನ್ನು ಒತ್ತಿ, ಕೆರೆಯ ಸುತ್ತ ಸ್ವಲ್ಪ ದಡವೂ ಸೇರುವ ಹಾಗೆ ಗೆರೆ ಎಳೆಯಿರಿ. ನೀರು ತುಂಬಿದಾಗ ಎಲ್ಲಿಯವರೆಗೆ ಬರುತ್ತದೋ ಅದಕ್ಕಿಂತ ಆಚೆ ಇರಲಿ. ಕೋಡ್‌ನ ಮೇಲ್ಭಾಗದಲ್ಲಿ ಇಂಪೋರ್ಟ್ಸ್ ಅನ್ನುವ ಜಾಗದಲ್ಲಿ ಅದು ‘ಜಿಯೋಮೆಟ್ರಿ’ ಅಂತ ಬಂದು ಕೂರುತ್ತದೆ. ಹೆಸರನ್ನು ‘ಕೆರೆ’ ಅನ್ನುವಂಥದ್ದಕ್ಕೆ ಬದಲಾಯಿಸಿ, ಇಂಗ್ಲಿಷ್ ಅಕ್ಷರದಲ್ಲಿ.

ಕೈಯಾರೆ ಅಕ್ಷಾಂಶ ರೇಖಾಂಶ ಬರೆಯುವ ದಿನವೂ ಬರುತ್ತದೆ. ಆಗ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ನಾವು ಬಾಯಲ್ಲಿ ಹೇಳುವ ಕ್ರಮಕ್ಕೆ ಇದು ಉಲ್ಟಾ. ನನ್ನ ಮೊದಲ ಬಿಂದು ನಾನು ಎಂದೂ ಕೇಳಿರದ ಸಮುದ್ರದಲ್ಲಿ ಹೋಗಿ ಬಿದ್ದಿತ್ತು. ಚಿತ್ರವೇ ಇಲ್ಲ ಅಂತ ಅರ್ಧ ದಿನ ಹುಡುಕಿದ್ದೆ.

ಚಿತ್ರ ಸಂಗ್ರಹ ತರುವುದು

ಮೇಲಿನ ಹುಡುಕಾಟದ ಜಾಗದಲ್ಲಿ ಸೆಂಟಿನೆಲ್-2 ಅಂತ ಬರೆಯಿರಿ. ಬರುವ ಪಟ್ಟಿಯಲ್ಲಿ ‘ಹಾರ್ಮನೈಸ್ಡ್’ ಮತ್ತು ‘ಲೆವೆಲ್-2ಎ’ ಎರಡೂ ಪದ ಇರುವ ಸಂಗ್ರಹ ಆರಿಸಿ ಇಂಪೋರ್ಟ್ ಒತ್ತಿ. ಅದೂ ಇಂಪೋರ್ಟ್ಸ್‌ಗೆ ಸೇರುತ್ತದೆ. ‘ಎಸ್2’ ಅಂತ ಹೆಸರಿಡಿ.

ಯಾಕೆ ಇದೇ? ಲೆವೆಲ್-2ಎ ಅಂದರೆ ವಾತಾವರಣದ ಮಬ್ಬನ್ನು ಲೆಕ್ಕದಿಂದ ಕಳೆದು, ನೆಲದಿಂದ ಎಷ್ಟು ಬೆಳಕು ಹಿಂದಿರುಗಿತು ಅಂತ ಕೊಡುವ ಚಿತ್ರ. ಇನ್ನು ಹಾರ್ಮನೈಸ್ಡ್. 2022ರ ಜನವರಿ 25ರಿಂದ ಈ ಚಿತ್ರಗಳನ್ನು ತಯಾರಿಸುವ ವಿಧಾನ ಬದಲಾಯಿತು. ಎಲ್ಲ ಸಂಖ್ಯೆಗಳೂ 1000ದಷ್ಟು ಮೇಲಕ್ಕೆ ಸರಿದವು. ಹಾರ್ಮನೈಸ್ಡ್ ಸಂಗ್ರಹದಲ್ಲಿ ಅದನ್ನು ಸರಿಮಾಡಿ ಇಟ್ಟಿದ್ದಾರೆ. ಬೇರೆಯದನ್ನು ಬಳಸಿ 2021 ಮತ್ತು 2023 ಹೋಲಿಸಿದರೆ ಕೆರೆ ಬದಲಾಗದಿದ್ದರೂ ಬದಲಾದ ಹಾಗೆ ಕಾಣುತ್ತದೆ.

ಸೆಂಟಿನೆಲ್-2ರಲ್ಲಿ 13 ಬ್ಯಾಂಡ್, ಅಂದರೆ ಬೇರೆ ಬೇರೆ ಬಗೆಯ ಬೆಳಕಿಗೆ ಒಂದೊಂದು ಪದರ, ಇವೆ. ನಮಗೆ ಬೇಕಾದವು ಬಿ2 ನೀಲಿ, ಬಿ3 ಹಸಿರು, ಬಿ4 ಕೆಂಪು, ಬಿ8 ಕಣ್ಣಿಗೆ ಕಾಣದ ಅವಕೆಂಪು. ನಾಲ್ಕರದ್ದೂ ಪಿಕ್ಸೆಲ್ ಅಳತೆ 10 ಮೀಟರ್. ಒಂದು ಪಿಕ್ಸೆಲ್ 100 ಚದರ ಮೀಟರ್, ನೂರು ಪಿಕ್ಸೆಲ್ ಸೇರಿದರೆ ಒಂದು ಹೆಕ್ಟೇರ್. 2019ರಿಂದೀಚಿನ ವರ್ಷಗಳನ್ನೇ ಆರಿಸಿಕೊಳ್ಳಿ. ಅದಕ್ಕೂ ಹಿಂದಕ್ಕೆ ಹೋಗಬೇಕಾದರೆ ಲ್ಯಾಂಡ್‌ಸ್ಯಾಟ್ ಇದೆ. ಅದರ ಮೊದಲ ಉಪಗ್ರಹ ಹಾರಿದ್ದು 1972ರಲ್ಲಿ. 30 ಮೀಟರ್ ಪಿಕ್ಸೆಲ್‌ನ ಚಿತ್ರಗಳು 1980ರ ದಶಕದಿಂದ ಸಿಗುತ್ತವೆ.

ಜರಡಿ ಹಿಡಿಯುವುದು

‘ಎಸ್2’ ಸಂಗ್ರಹಕ್ಕೆ ಮೂರು ಜರಡಿ ಹಾಕಿ. ‘ಫಿಲ್ಟರ್‌ಬೌಂಡ್ಸ್’ಗೆ ನಿಮ್ಮ ಕೆರೆಯ ಹೆಸರು ಕೊಡಿ. ‘ಫಿಲ್ಟರ್‌ಡೇಟ್’ಗೆ ಶುರು ಮತ್ತು ಕೊನೆಯ ದಿನಾಂಕ ಕೊಡಿ: ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ, ನಡುವೆ ಅಡ್ಡಗೆರೆ. ಕೊನೆಯ ದಿನಾಂಕ ಲೆಕ್ಕಕ್ಕೆ ಸೇರುವುದಿಲ್ಲ. ಇಡೀ ಮಾರ್ಚ್ ಬೇಕಾದರೆ ಮಾರ್ಚ್ 1ರಿಂದ ಏಪ್ರಿಲ್ 1 ಅಂತ ಬರೆಯಿರಿ. ಮೂರನೆಯದು ಮೋಡ. ‘ಕ್ಲೌಡಿ ಪಿಕ್ಸೆಲ್ ಪರ್ಸೆಂಟೇಜ್’ ಅನ್ನುವ ಗುಣ 20ಕ್ಕಿಂತ ಕಡಿಮೆ ಇರುವ ಚಿತ್ರ ಮಾತ್ರ ಇರಲಿ. ಈ ಗುಣದ ಹೆಸರು ಪೂರ್ತಿ ದೊಡ್ಡಕ್ಷರದಲ್ಲಿದ್ದು, ಪದಗಳ ನಡುವೆ ಕೆಳಗೆರೆ ಇರುತ್ತದೆ.

ಈಗ ಸಂಗ್ರಹದ ‘ಸೈಜ್’ ಪ್ರಿಂಟ್ ಮಾಡಿ, ಬಲಗಡೆಯ ಕನ್ಸೋಲ್‌ನಲ್ಲಿ ನೋಡಿ. ಸೊನ್ನೆ ಬಂದರೆ ಮುಂದಿನ ಯಾವ ಸಾಲೂ ಸರಿಯಾಗಿ ಓಡುವುದಿಲ್ಲ. ದಿನಾಂಕ ಹಿಗ್ಗಿಸಿ, ಇಲ್ಲವೇ ಮೋಡದ ಮಿತಿ ಸಡಿಲಿಸಿ.

ಮೋಡದ ಸಂಖ್ಯೆಯನ್ನು ಜಾಸ್ತಿ ನಂಬಬೇಡಿ. ಅದು ಸುಮಾರು 110 ಕಿ.ಮೀ. ಅಗಲ, ಅಷ್ಟೇ ಉದ್ದದ ಇಡೀ ಚಿತ್ರದ ಲೆಕ್ಕ. ಚಿತ್ರದಲ್ಲಿ ಶೇಕಡ 5 ಮೋಡ ಇದ್ದು, ಆ ಐದೂ ನಿಮ್ಮ ಕೆರೆಯ ಮೇಲೇ ಇರಬಹುದು. ಅದಕ್ಕೇ ಮುಂದಿನ ಹೆಜ್ಜೆ ‘ಮೀಡಿಯನ್’. ಒಂದೊಂದು ಪಿಕ್ಸೆಲ್‌ಗೂ ಎಲ್ಲ ದಿನಗಳ ಬೆಲೆ ಸಾಲಾಗಿ ಜೋಡಿಸಿ ನಡುವಿನದನ್ನು ಇದು ತೆಗೆಯುತ್ತದೆ. ಮೋಡ ತುಂಬಾ ಬಿಳಿ, ಮೋಡದ ನೆರಳು ತುಂಬಾ ಕಪ್ಪು. ಹಾಗಾಗಿ ಎರಡೂ ತುದಿಗೆ ಹೋಗಿ ಬಿಟ್ಟುಹೋಗುತ್ತವೆ. ಚಿತ್ರಗಳು ಎರಡೋ ಮೂರೋ ಮಾತ್ರ ಇದ್ದರೆ ಈ ಉಪಾಯ ನಡೆಯುವುದಿಲ್ಲ. ಆಗ ‘ಕ್ಲೌಡ್ ಸ್ಕೋರ್ ಪ್ಲಸ್’ ಅನ್ನುವ ಸಂಗ್ರಹ ನೋಡಿ. ಅದು ಪ್ರತಿ ಪಿಕ್ಸೆಲ್ ಎಷ್ಟು ಸ್ಪಷ್ಟ ಅಂತ ಸೊನ್ನೆಯಿಂದ ಒಂದರವರೆಗೆ ಅಂಕ ಕೊಡುತ್ತದೆ.

ಇಡೀ ವರ್ಷಕ್ಕೆ ಒಂದೇ ಮೀಡಿಯನ್ ತೆಗೆಯಬೇಡಿ. ತುಂಬಿದ ಕೆರೆಯೂ ಬತ್ತಿದ ಕೆರೆಯೂ ಕಲಸಿಹೋಗಿ, ಯಾವ ದಿನವೂ ಇಲ್ಲದಿದ್ದ ಕೆರೆ ಕಾಣುತ್ತದೆ. ಎರಡು ತಿಂಗಳು ಸಾಕು.

ಕಣ್ಣಿಗೆ ಕಾಣುವ ಹಾಗೆ ಮಾಡುವುದು

‘ಮ್ಯಾಪ್ ಡಾಟ್ ಆ್ಯಡ್ ಲೇಯರ್’ (ಇಲ್ಲಿ ‘ಮ್ಯಾಪ್’ ಕೂಡ ದೊಡ್ಡಕ್ಷರದಿಂದ ಶುರು) ಅಂತ ಬರೆದು ನಿಮ್ಮ ಚಿತ್ರ ಕೊಡಿ. ಸುಮ್ನೆ ಹಾಗೇ ಕೊಟ್ಟರೆ ಪರದೆ ಕಪ್ಪಾಗಿ ಬರುತ್ತದೆ. ಗಾಬರಿ ಬೇಡ. ಇಲ್ಲಿ ಬೆಳಕಿನ ಪ್ರಮಾಣವನ್ನು 10,000ದಿಂದ ಗುಣಿಸಿ ಇಟ್ಟಿರುತ್ತಾರೆ. ನೆಲ ಸಾಮಾನ್ಯವಾಗಿ ಹಿಂದಿರುಗಿಸುವುದು ಅದರಲ್ಲಿ ಸಣ್ಣ ಪಾಲು. ಬ್ಯಾಂಡ್‌ಗಳನ್ನು ಬಿ4, ಬಿ3, ಬಿ2 ಕ್ರಮದಲ್ಲಿ ಕೊಟ್ಟು, ಕನಿಷ್ಠ 0, ಗರಿಷ್ಠ 3000 ಅಂತ ಹೇಳಿ. ಈಗ ರನ್ ಒತ್ತಿ. ನಿಮ್ಮ ಕೆರೆ ತನ್ನ ಬಣ್ಣದಲ್ಲೇ ಕಾಣುತ್ತದೆ. ಈ ಕ್ಷಣ ಎಷ್ಟು ಸಲ ನೋಡಿದರೂ ನನಗೆ ಖುಷಿ.

ನೀರನ್ನು ಬೇರೆ ಮಾಡುವುದು

ನೀರು ಹಸಿರು ಬೆಳಕನ್ನು ಸ್ವಲ್ಪ ಹಿಂದಿರುಗಿಸುತ್ತದೆ, ಅವಕೆಂಪನ್ನು ಬಹುಪಾಲು ನುಂಗುತ್ತದೆ. ಗಿಡ ಮತ್ತು ಒಣ ನೆಲ ಇದಕ್ಕೆ ವಿರುದ್ಧ. ಈ ವ್ಯತ್ಯಾಸವನ್ನೇ ಹಿಡಿದು 1996ರಲ್ಲಿ ಮ್ಯಾಕ್‌ಫೀಟರ್ಸ್ ಅನ್ನುವ ಸಂಶೋಧಕರು ಒಂದು ಸೂಚ್ಯಂಕ ಕೊಟ್ಟರು. ಹೆಸರು ಎನ್‌ಡಿಡಬ್ಲ್ಯುಐ. ಹಸಿರಿನಿಂದ ಅವಕೆಂಪು ಕಳೆದು, ಎರಡರ ಮೊತ್ತದಿಂದ ಭಾಗಿಸುವುದು. ಉತ್ತರ -1ರಿಂದ 1ರ ನಡುವೆ. ಸೊನ್ನೆಗಿಂತ ಮೇಲಿದ್ದರೆ ನೀರು ಅಂತ ಮೊದಲಿಗೆ ಹಿಡಿಯಬಹುದು.

‘ನಾರ್ಮಲೈಸ್ಡ್ ಡಿಫರೆನ್ಸ್’ ಅನ್ನುವ ಒಂದೇ ಆಜ್ಞೆಗೆ ಬಿ3, ಬಿ8 ಕೊಟ್ಟರೆ ಈ ಲೆಕ್ಕ ಆಗುತ್ತದೆ. ಕ್ರಮ ತಪ್ಪಬಾರದು. ಅದರ ಮುಂದೆ ‘ಜಿಟಿ’ ಆಜ್ಞೆಗೆ ಸೊನ್ನೆ ಕೊಡಿ. ನೀರಿದ್ದಲ್ಲಿ 1, ಇಲ್ಲದಲ್ಲಿ 0 ಇರುವ ಚಿತ್ರ ಸಿಗುತ್ತದೆ. ಅದನ್ನೂ ಪದರವಾಗಿ ಹಾಕಿ.

ಈಗ ಇನ್‌ಸ್ಪೆಕ್ಟರ್ ತೆರೆಯಿರಿ. ಕೆರೆಯ ನಡುವೆ, ದಡದಲ್ಲಿ, ಪಕ್ಕದ ಹೊಲದಲ್ಲಿ, ಯಾವುದಾದರೂ ಕಟ್ಟಡದ ಮೇಲೆ ಕ್ಲಿಕ್ ಮಾಡಿ. ಗೊತ್ತಿರುವ ಜಾಗವೇ ಬೇಕು ಅಂದದ್ದು ಇದಕ್ಕೆ. ಕಳೆ ಮುಚ್ಚಿದ ನೀರು ಈ ಸೂಚ್ಯಂಕಕ್ಕೆ ನೆಲದ ಹಾಗೆ ಕಾಣುತ್ತದೆ, ಯಾಕೆಂದರೆ ಎಲೆ ಅವಕೆಂಪನ್ನು ಜೋರಾಗಿ ಹಿಂದಿರುಗಿಸುತ್ತದೆ. ಕೆಲವು ಕಟ್ಟಡಗಳು ನೀರಿನ ಹಾಗೆ ಕಾಣುತ್ತವೆ. ಕೆಸರು ನೀರು ಗಡಿಯಲ್ಲಿ ನಿಲ್ಲುತ್ತದೆ. ಕೆರೆ ನೋಡಿದವರಿಗೆ ಇದು ತಕ್ಷಣ ಗೊತ್ತಾಗುತ್ತದೆ. ನೋಡದವರು ಸಂಖ್ಯೆಯನ್ನು ನಂಬಿ ಮುಂದೆ ಹೋಗುತ್ತಾರೆ. ಕಟ್ಟಡಗಳ ತೊಂದರೆ ಇದ್ದರೆ ಬಿ8ರ ಬದಲು ಬಿ11 ಹಾಕಿ ನೋಡಿ, ಅದರ ಪಿಕ್ಸೆಲ್ 20 ಮೀಟರ್ ಅನ್ನುವುದು ನೆನಪಿರಲಿ. ಸೊನ್ನೆಯ ಗಡಿಯನ್ನೂ ಸ್ವಲ್ಪ ಮೇಲೆ ಕೆಳಗೆ ಮಾಡಿ ನೋಡಬಹುದು. ಆದರೆ ಎರಡೂ ವರ್ಷಕ್ಕೆ ಒಂದೇ ಗಡಿ ಇರಲಿ.

ಹೆಕ್ಟೇರ್‌ನಲ್ಲಿ ಅಳೆಯುವುದು

0 ಮತ್ತು 1ರ ಚಿತ್ರವನ್ನು ‘ಪಿಕ್ಸೆಲ್ ಏರಿಯಾ’ ಚಿತ್ರದಿಂದ ಗುಣಿಸಿ. ನೀರಿರುವ ಪಿಕ್ಸೆಲ್‌ಗಳಲ್ಲಿ ಚದರ ಮೀಟರ್ ಉಳಿಯುತ್ತದೆ. ಆಮೇಲೆ ‘ರೆಡ್ಯೂಸ್ ರೀಜನ್’ ಆಜ್ಞೆ. ಅದಕ್ಕೆ ಕೊಡಬೇಕಾದದ್ದು: ಯಾವ ಲೆಕ್ಕ (ಇಲ್ಲಿ ಮೊತ್ತ, ಅಂದರೆ ‘ಸಮ್’ ರೆಡ್ಯೂಸರ್), ಯಾವ ಜಾಗ, ಎಷ್ಟು ಮೀಟರ್ ‘ಸ್ಕೇಲ್’. ಬಂದ ಉತ್ತರವನ್ನು ಪ್ರಿಂಟ್ ಮಾಡಿ 10,000ದಿಂದ ಭಾಗಿಸಿದರೆ ಹೆಕ್ಟೇರ್.

ಸ್ಕೇಲ್ 10 ಅಂತ ಬರೆಯಲೇಬೇಕು. ಇದನ್ನು ಬಿಟ್ಟರೆ ಏನಾಗುತ್ತದೆ ಗೊತ್ತಾ? ಮೀಡಿಯನ್ ತೆಗೆದ ಚಿತ್ರಕ್ಕೆ ತನ್ನದೇ ಆದ ಪಿಕ್ಸೆಲ್ ಅಳತೆ ಉಳಿದಿರುವುದಿಲ್ಲ. ಬೇರೆ ಬೇರೆ ಚಿತ್ರ ಸೇರಿ ಆದದ್ದು ಅದು. ಆಗ ಅರ್ಥ್ ಎಂಜಿನ್ ಒಂದು ಡಿಗ್ರಿಯ ಪಿಕ್ಸೆಲ್ ಅಂತ ಹಿಡಿಯುತ್ತದೆ. ಸಮಭಾಜಕದ ಬಳಿ ಒಂದು ಡಿಗ್ರಿ ಅಂದರೆ ಸುಮಾರು 111 ಕಿ.ಮೀ.! ನಿಮ್ಮ ಇಡೀ ಕೆರೆ ಒಂದೇ ಪಿಕ್ಸೆಲ್‌ನ ಮೂಲೆಯಲ್ಲಿ ಕೂರುತ್ತದೆ. ಕೆಂಪು ಅಕ್ಷರದ ಎಚ್ಚರಿಕೆ ಏನೂ ಬರುವುದಿಲ್ಲ, ಸುಮ್ಮನೆ ತಪ್ಪು ಉತ್ತರ ಬರುತ್ತದೆ. ನಾನು ಇಂಥ ಸಂಖ್ಯೆ ಹಿಡಿದು ಒಂದು ಪಟ್ಟಿಯನ್ನೇ ಮಾಡಿ ಮುಗಿಸಿದ್ದೆ. ನನಗೆ ಗೊತ್ತಿದ್ದ ಒಂದು ಕೆರೆ ಅದರಲ್ಲಿ ಸೊನ್ನೆ ಅಂತ ಬಂದದ್ದರಿಂದ ಮಾತ್ರ ತಪ್ಪು ಸಿಕ್ಕಿತು. ಪಟ್ಟಿ ಪೂರ್ತಿ ಮತ್ತೆ ಮಾಡಬೇಕಾಯಿತು.

ಇದಕ್ಕೆ ಹತ್ತಿರದ ಇನ್ನೊಂದು ವಿಷಯ. ನಕ್ಷೆಯಲ್ಲಿ ದೂರ ಸರಿದಾಗ ಅರ್ಥ್ ಎಂಜಿನ್ ಮೊದಲೇ ದಪ್ಪ ಮಾಡಿಟ್ಟ ಪಿಕ್ಸೆಲ್‌ಗಳಿಂದ ಲೆಕ್ಕ ಹಾಕಿ ತೋರಿಸುತ್ತದೆ. ಹಾಗಾಗಿ ಝೂಮ್ ಬದಲಾದರೆ ಇನ್‌ಸ್ಪೆಕ್ಟರ್‌ನ ಸಂಖ್ಯೆಯೂ ಬದಲಾಗಬಹುದು. ಪರೀಕ್ಷೆ ಮಾಡುವಾಗ ಚೆನ್ನಾಗಿ ಹತ್ತಿರ ಹೋಗಿ ಕ್ಲಿಕ್ ಮಾಡಿ.

ಉತ್ತರ ನಂಬುವ ಮೊದಲು ಒಂದು ಅಂದಾಜು ಮಾಡಿ. ಕೆರೆ ಸುಮಾರು 500 ಮೀಟರ್ ಉದ್ದ, 400 ಮೀಟರ್ ಅಗಲ ಇದ್ದರೆ 20 ಹೆಕ್ಟೇರ್. ಉತ್ತರ 2 ಅಥವಾ 200 ಬಂದರೆ ಏನೋ ತಪ್ಪಿದೆ. ಜೊತೆಗೆ ‘ಗ್ಲೋಬಲ್ ಸರ್ಫೇಸ್ ವಾಟರ್’ ಅನ್ನುವ ಸಂಗ್ರಹವನ್ನೂ ಪದರವಾಗಿ ಹಾಕಿ ನೋಡಿ. 1984ರಿಂದ ಈಚಿನ ಲ್ಯಾಂಡ್‌ಸ್ಯಾಟ್ ಚಿತ್ರಗಳಲ್ಲಿ ಎಲ್ಲಿ ಎಷ್ಟು ಸಲ ನೀರು ಕಂಡಿದೆ ಅಂತ ಅದರಲ್ಲಿ ಶೇಕಡಾವಾರು ಇದೆ.

ಎರಡನೇ ವರ್ಷ

ದಿನಾಂಕ ಮಾತ್ರ ಬದಲಾಯಿಸಿ ಮತ್ತೆ ಓಡಿಸಿ. ತಿಂಗಳುಗಳು ಅವೇ ಇರಲಿ. ಒಂದು ವರ್ಷದ ಮಳೆಗಾಲವನ್ನು ಇನ್ನೊಂದು ವರ್ಷದ ಬೇಸಿಗೆಗೆ ಹೋಲಿಸಿ ಕೆರೆ ಬತ್ತಿತು ಅನ್ನುವುದು ಸರಿಯಲ್ಲ. ಕೋಡನ್ನು ನಕಲು ಮಾಡಿ ಅಂಟಿಸುವುದಕ್ಕಿಂತ, ಶುರು ಮತ್ತು ಕೊನೆಯ ದಿನಾಂಕ ತೆಗೆದುಕೊಂಡು ಉತ್ತರ ಕೊಡುವ ಒಂದು ಫಂಕ್ಷನ್ ಮಾಡಿ. ಆಗ ಐದು ವರ್ಷಕ್ಕೂ ಐದೇ ಸಾಲು.

ಎರಡೇ ವರ್ಷ ನೋಡಿ ‘ಕೆರೆ ಕುಗ್ಗುತ್ತಿದೆ’ ಅಂತ ಹೇಳಬೇಡಿ. ಒಂದು ವರ್ಷ ಮಳೆ ಕಡಿಮೆ ಆಗಿರಬಹುದು, ಅಷ್ಟೇ. ಸಿಗುವಷ್ಟೂ ವರ್ಷ ತೆಗೆಯಿರಿ.

ದೋಷ ಬಂದಾಗ

‘ಟೂ ಮೆನಿ ಪಿಕ್ಸೆಲ್ಸ್’ ಅಂದರೆ ಜಾಗ ದೊಡ್ಡದು. ‘ಮ್ಯಾಕ್ಸ್ ಪಿಕ್ಸೆಲ್ಸ್’ ಮಿತಿ ಹೆಚ್ಚಿಸಬಹುದು. ‘ಕಂಪ್ಯೂಟೇಶನ್ ಟೈಮ್ಡ್ ಔಟ್’ ಅಂದರೆ ಪರದೆಯ ಮುಂದೆ ಕಾಯುವ ಲೆಕ್ಕಕ್ಕೆ ಇರುವ ಸುಮಾರು ಐದು ನಿಮಿಷದ ಮಿತಿ ದಾಟಿದೆ. ಇದಕ್ಕೆ ಸರಿಯಾದ ದಾರಿ ಎಕ್ಸ್‌ಪೋರ್ಟ್. ‘ಯೂಸರ್ ಮೆಮೊರಿ ಲಿಮಿಟ್’ ಬಂದರೆ ಜಾಗ ಅಥವಾ ದಿನಾಂಕ ಚಿಕ್ಕದು ಮಾಡಿ. ಜರಡಿಗಳು ಎಲ್ಲಕ್ಕಿಂತ ಮೊದಲು ಇವೆಯೇ ಅಂತಲೂ ನೋಡಿ. ಇಡೀ ಸಂಗ್ರಹವನ್ನೇ ಪ್ರಿಂಟ್ ಮಾಡಲು ಹೋದರೆ 5000 ದಾಟಿತು ಅಂತ ನಿಲ್ಲುತ್ತದೆ. ‘ಲಿಮಿಟ್’ ಹಾಕಿ ಹತ್ತು ನೋಡಿ ಸಾಕು.

ಎಕ್ಸ್‌ಪೋರ್ಟ್ ಮತ್ತು ಹಂಚಿಕೆ

ಚಿತ್ರ ಬೇಕಾದರೆ ಗೂಗಲ್ ಡ್ರೈವ್‌ಗೆ ಕಳಿಸುವ ಎಕ್ಸ್‌ಪೋರ್ಟ್ ಆಜ್ಞೆ ಬರೆಯಿರಿ. ಜಾಗ, ಸ್ಕೇಲ್, ಫೈಲ್ ವಿವರ ಕೊಡಿ. ರನ್ ಒತ್ತಿದ ಮಾತ್ರಕ್ಕೆ ಅದು ಶುರುವಾಗುವುದಿಲ್ಲ. ಟಾಸ್ಕ್ಸ್ ಟ್ಯಾಬ್‌ಗೆ ಹೋಗಿ ಅಲ್ಲಿರುವ ರನ್ ಅನ್ನೂ ಒತ್ತಬೇಕು. ಶುರುವಾದ ಮೇಲೆ ಬ್ರೌಸರ್ ಮುಚ್ಚಿದರೂ ಕೆಲಸ ಸರ್ವರ್‌ನಲ್ಲಿ ನಡೆಯುತ್ತಿರುತ್ತದೆ. ಇಳಿಸಿಕೊಂಡ ಜಿಯೋಟಿಫ್ ಅನ್ನು ಕ್ಯೂಜಿಐಎಸ್ ಅನ್ನುವ ನಕ್ಷೆಯ ತಂತ್ರಾಂಶದಲ್ಲಿ ತೆರೆದು ನಕ್ಷೆ ಮಾಡಬಹುದು. ಬರೀ ಸಂಖ್ಯೆ ಬೇಕಾದರೆ ಟೇಬಲ್ ಎಕ್ಸ್‌ಪೋರ್ಟ್ ಮಾಡಿ, ಸಿಎಸ್‌ವಿ ಅನ್ನುವ ಪಟ್ಟಿಯ ಫೈಲ್ ಸಿಗುತ್ತದೆ.

ಸೇವ್ ಒತ್ತಿದಾಗ ಮೊದಲ ಸಲ ಒಂದು ಫೋಲ್ಡರ್ ಹೆಸರು ಕೇಳುತ್ತದೆ. ಹಳೆಯ ಆವೃತ್ತಿಗಳೂ ಉಳಿಯುತ್ತವೆ, ಹಾಳಾದರೆ ಹಿಂದಕ್ಕೆ ಹೋಗಬಹುದು. ಗೆಟ್ ಲಿಂಕ್ ಒತ್ತಿದರೆ ಆ ಹೊತ್ತಿನ ಕೋಡ್‌ಗೆ ಒಂದು ಕೊಂಡಿ ಸಿಗುತ್ತದೆ. ಅರ್ಥ್ ಎಂಜಿನ್ ಖಾತೆ ಇರುವ ಯಾರಿಗಾದರೂ ಅದನ್ನು ಕಳಿಸಿದರೆ ಅವರೂ ಅದೇ ಕೆರೆ, ಅದೇ ಲೆಕ್ಕ ಓಡಿಸಿ ನೋಡಬಹುದು. ನೀವು ಏರಿಸಿದ ಶೇಪ್‌ಫೈಲ್ ಬಳಸಿದ್ದರೆ ಅದನ್ನು ಅಸೆಟ್ಸ್‌ನಲ್ಲಿ ಬೇರೆಯಾಗಿ ಹಂಚಿ, ಇಲ್ಲದಿದ್ದರೆ ಅವರಿಗೆ ದೋಷ ಬರುತ್ತದೆ. ಕೊಂಡಿಯನ್ನು ಆ ಕೆರೆಯ ಹತ್ತಿರ ಇರುವ ಒಬ್ಬರಿಗೆ ಮೊದಲು ಕಳಿಸಿ, ನಕ್ಷೆಯಲ್ಲಿ ನೀರು ಅಂತ ಬಂದಲ್ಲೆಲ್ಲ ಆ ತಿಂಗಳು ನಿಜವಾಗಿ ನೀರಿತ್ತೇ ಅಂತ ಕೇಳಿ.